ಕೈಬಿಡದ ಕೊಡಲಿ

ಮುಂಗಾರು ಇಳಿಯಿತೆಂದರೆ ನಮ್ಮ ಶಾಲೆಯ ಅಂಗಳದಲ್ಲಿ ನೀರು ನಿಲ್ಲುತ್ತದೆ. ಮುಂಬಯಿಯ ಮಳೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಕಬಡ್ಡಿಗೂ ಖೊಖೊಗೂ ಎಡೆಯಿಲ್ಲದ ಆ ಶನಿವಾರಗಳಂದು, ಉಪಾಧ್ಯಾಯರ ಅಪ್ಪಣೆಯನ್ನು ಪಡೆದು, ನಾವು ಐವರು ವಾಚನಾಲಯದ ಮೂಲೆಯ ಮೇಜಿನ ಸುತ್ತ ಕುಳಿತು ಒಂದು ಆಟವನ್ನಾಡುತ್ತೇವೆ. ಅದರಲ್ಲಿ ಗೆದ್ದವನೆಂಬುವನಿಲ್ಲ, ಎದುರು ಪಕ್ಷವೆಂಬುದೂ ಇಲ್ಲ. ಮಾತು, ಕಾಗದ, ಪೆನ್ಸಿಲು, ಇಪ್ಪತ್ತು ಮುಖದ ಒಂದು ದಾಳ, ಇಷ್ಟೇ ಅದರ ಸಾಮಗ್ರಿ. ಹಾದುಹೋಗುವವರು ನಮ್ಮ ಗಲಾಟೆಯನ್ನು ಕೇಳಿ, ‘ಇದೇನು, ಜಗಳವೋ ನಾಟಕವೋ?’ ಎಂದು ಕೇಳುವುದುಂಟು. ಈ ವರ್ಷ ಒಂದು ಶನಿವಾರ ಅದು ನಿಜವಾಗಿಯೂ ಜಗಳವೇ ಆಯಿತು. ಅದಕ್ಕೆ ಕಾರಣ ಒಂದು ಕೊಡಲಿ. ಅದೂ ಕಾಗದದ ಮೇಲೆ ಮಾತ್ರ ಇದ್ದ ಕೊಡಲಿ. ಆ ಕೊಡಲಿಯ ಸ್ವಭಾವವನ್ನೂ ಅದರ ವಂಶಾವಳಿಯನ್ನೂ ನಮ್ಮ ಸಹಪಾಠಿಗಳಿಗೆ ತಿಳಿಸುವುದೇ ಈ ಲೇಖನದ ಉದ್ದೇಶ.

ಆಟದ ಹೆಸರು ‘ಡಂಜನ್ಸ್ ಅಂಡ್ ಡ್ರಾಗನ್ಸ್’. ನೆಲಮಾಳಿಗೆಗಳು ಮತ್ತು ಘಟಸರ್ಪಗಳು ಎಂದು ಅರ್ಥ ಹೇಳಬಹುದು. ಇದು ಹುಟ್ಟಿದ್ದು ಅಮೆರಿಕದಲ್ಲಿ. ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವ ಎಂಬ ಸಣ್ಣ ಊರಿನ ಗ್ಯಾರಿ ಗೈಗ್ಯಾಕ್ಸ್ ಮತ್ತು ಮಿನೆಸೋಟದ ಡೇವ್ ಆರ್ನೆಸನ್ ಇಬ್ಬರೂ ಸೇರಿ 1974ರಲ್ಲಿ ಮೂರು ಸಣ್ಣ ಹೊತ್ತಗೆಗಳನ್ನು ಒಂದು ಪೆಟ್ಟಿಗೆಯಲ್ಲಿಟ್ಟು ಪ್ರಕಟಿಸಿದರು. ಅದಕ್ಕೆ ಹಿಂದೆ ಇವರು ಆಡುತ್ತಿದ್ದುದು ಸಣ್ಣ ಸಣ್ಣ ಸೈನಿಕರ ಗೊಂಬೆಗಳನ್ನು ಮೇಜಿನ ಮೇಲೆ ನಿಲ್ಲಿಸಿ ಆಡುವ ಯುದ್ಧದ ಆಟಗಳನ್ನು. ಹತ್ತೊಂಬತ್ತನೆಯ ಶತಮಾನದ ಮೊದಲಲ್ಲಿ ಪ್ರಷ್ಯದ ಸೇನಾಧಿಕಾರಿಗಳು ತರಬೇತಿಗಾಗಿ ಬಳಸಿದ ಆಟ ಅವುಗಳ ಪೂರ್ವಜ. ಸೈನ್ಯಕ್ಕೆ ಬದಲಾಗಿ ಒಬ್ಬೊಬ್ಬ ಆಟಗಾರ ಒಬ್ಬೊಬ್ಬನೇ ವೀರನನ್ನು ನಡೆಸಿದರೆ ಹೇಗೆ ಎಂಬ ಯೋಚನೆಯಿಂದ ಹೊಸ ಆಟ ಮೂಡಿತು. ನಾವು ಆಡುವುದು 2014ರಲ್ಲಿ ಹೊರಬಂದ ಐದನೆಯ ಆವೃತ್ತಿಯ ನಿಯಮಗಳಂತೆ. 2024ರಲ್ಲಿ ಅದರ ಪರಿಷ್ಕೃತ ಪುಸ್ತಕಗಳೂ ಬಂದಿವೆ; ಆದರೆ ನಮ್ಮ ಕೈಗೆ ಸಿಕ್ಕಿದ್ದು ಹಳೆಯದು.

ತಾಳಮದ್ದಳೆಯನ್ನು ನೋಡಿದವರಿಗೆ ಈ ಆಟವನ್ನು ತಿಳಿಸುವುದು ಸುಲಭ. ಈ ಊರಿನ ಕನ್ನಡ, ತುಳು ಬಂಧುಗಳ ಸಂಘಗಳಲ್ಲಿ ರಾತ್ರಿಯಿಡೀ ನಡೆಯುವ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಸುಮ್ಮನೆ ಕುಳಿತು, ಒಬ್ಬರು ಕರ್ಣನಾಗಿ, ಇನ್ನೊಬ್ಬರು ಕೃಷ್ಣನಾಗಿ, ಆಗಲೇ ಹೊಳೆದ ಮಾತುಗಳಲ್ಲಿ ವಾದಿಸುತ್ತಾರೆ. ನಮ್ಮದೂ ಅಂತೆಯೇ. ನಮ್ಮಲ್ಲೊಬ್ಬನು ಕಥೆಯನ್ನು ನಡೆಸುವ ಸೂತ್ರಧಾರ; ಅವರ ಭಾಷೆಯಲ್ಲಿ ‘ಡಂಜನ್ ಮಾಸ್ಟರ್’. ‘ನಿಮ್ಮೆದುರು ಒಂದು ಹಳೆಯ ಗಣಿಯ ಬಾಯಿ ಇದೆ, ಒಳಗಿನಿಂದ ತೋಳದ ಊಳು ಕೇಳುತ್ತದೆ, ಏನು ಮಾಡುವಿರಿ?’ ಎಂದು ಅವನು ಕೇಳುತ್ತಾನೆ. ಉಳಿದ ನಾಲ್ವರು ತಮ್ಮ ತಮ್ಮ ಪಾತ್ರ ಏನು ಮಾಡುತ್ತದೆಂದು ಹೇಳುತ್ತಾರೆ. ಮಾಡಿದ್ದು ಸಫಲವಾಗುವುದು ನಿಶ್ಚಯವಿಲ್ಲದಿದ್ದರೆ ದಾಳವನ್ನೆಸೆದು ನೋಡಬೇಕು. ಬಿದ್ದ ಅಂಕಕ್ಕೆ ಪಾತ್ರದ ಸಾಮರ್ಥ್ಯಕ್ಕೆ ತಕ್ಕಷ್ಟು ಕೂಡಿಸಿ, ಗೊತ್ತಾದ ಸಂಖ್ಯೆಯನ್ನು ಮುಟ್ಟಿದರೆ ಕೆಲಸ ಕೈಗೂಡಿತು.

ತಾಳಮದ್ದಳೆಗೂ ಇದಕ್ಕೂ ಒಂದು ದೊಡ್ಡ ಅಂತರವುಂಟು. ಅಲ್ಲಿ ಪ್ರಸಂಗದ ಕೊನೆ ಎಲ್ಲರಿಗೂ ಗೊತ್ತು. ಕರ್ಣನು ಎಷ್ಟು ಚೆನ್ನಾಗಿ ವಾದಿಸಿದರೂ ಬೆಳಗಾಗುವ ಮೊದಲು ಸಾಯಲೇಬೇಕು. ಇಲ್ಲಿ ಕೊನೆ ಯಾರಿಗೂ ಗೊತ್ತಿಲ್ಲ. ಗಣಿಯೊಳಗೆ ಹೋಗಬಹುದು, ಬೆಂಕಿ ಹಾಕಿ ಹೊಗೆ ಎಬ್ಬಿಸಬಹುದು, ಬೆನ್ನು ತಿರುಗಿಸಿ ಊರಿಗೆ ಹೋಗಿ ಊಟ ಮಾಡಲೂಬಹುದು. ‘ನನ್ನ ಪಾತ್ರ ಏನು ಮಾಡಬೇಕೆಂಬುದನ್ನು ನಾನು ಹೇಳುತ್ತೇನೆ’ ಎಂಬ ಒಂದೇ ಒಂದು ಹಕ್ಕಿನ ಮೇಲೆ ಆಟವೆಲ್ಲ ನಿಂತಿದೆ. ಶಾಪಗ್ರಸ್ತ ಆಯುಧ ಕೈಹಾಕುವುದು ಆ ಹಕ್ಕಿಗೇ. ಬಾಗಿಲಿಗೆ ಬೀಗ ಬಿದ್ದರೆ, ಕಾಲಿಗೆ ಸರಪಣಿ ಬಿದ್ದರೆ, ಪಾತ್ರದ ದೇಹಕ್ಕೆ ಮಾತ್ರ ಅಡ್ಡಿ. ಶಾಪ ಬಿದ್ದರೆ ಅದರ ಇಚ್ಛೆಗೇ ಅಡ್ಡಿ.

ನಮ್ಮನ್ನು ಕಾಡಿದ ಆಯುಧಕ್ಕೆ ಪುಸ್ತಕದಲ್ಲಿ ‘ಬರ್ಸರ್ಕರ್ ಆಕ್ಸ್’ ಎಂದು ಹೆಸರು. ಬರ್ಸರ್ಕರ್ ಎಂದರೆ ಉತ್ತರ ಯೂರೋಪಿನ ಹಳೆಯ ಕಥೆಗಳಲ್ಲಿ ಬರುವ, ಯುದ್ಧದಲ್ಲಿ ಮೈಮೇಲೆ ಬಂದಂತೆ ಹುಚ್ಚೆದ್ದು ಹೊಡೆಯುವ ಯೋಧ. ನಾವು ಅದನ್ನು ಉನ್ಮಾದದ ಗಂಡುಗೊಡಲಿ ಎಂದು ಕರೆದುಕೊಂಡೆವು. ಮೊದಲ ನೋಟಕ್ಕೆ ಅದು ಒಳ್ಳೆಯ ಆಯುಧವೇ. ಹೊಡೆಯುವಾಗ ದಾಳದ ಅಂಕಕ್ಕೆ 1 ಕೂಡುತ್ತದೆ. ಪೆಟ್ಟಿನ ಬಲಕ್ಕೂ 1 ಕೂಡುತ್ತದೆ. ಹಿಡಿದವನು ಎಷ್ಟನೆಯ ಮಟ್ಟವನ್ನು ಮುಟ್ಟಿರುವನೋ ಅಷ್ಟು ಪ್ರಾಣಾಂಕಗಳು ಅವನಿಗೆ ಹೆಚ್ಚಾಗಿ ದೊರೆಯುತ್ತವೆ. ನಾಲ್ಕನೆಯ ಮಟ್ಟದಲ್ಲಿದ್ದ ನಮ್ಮ ಗೆಳೆಯನ ವೀರನಿಗೆ ನಾಲ್ಕು ಬಂದವು. ಇಂತಹ ಮಾಂತ್ರಿಕ ವಸ್ತುಗಳ ಪೂರ್ಣ ಶಕ್ತಿ ದೊರೆಯಬೇಕಾದರೆ ಅವುಗಳೊಡನೆ ಸ್ವಲ್ಪ ಹೊತ್ತು ಏಕಾಗ್ರತೆಯಿಂದ ಕುಳಿತು ನಂಟು ಬೆಳೆಸಬೇಕು. ಒಬ್ಬನಿಗೆ ಏಕಕಾಲದಲ್ಲಿ ಮೂರು ವಸ್ತುಗಳೊಡನೆ ಮಾತ್ರ ಈ ನಂಟು ಸಾಧ್ಯ. ನಂಟು ಕೂಡಿದ ಗಳಿಗೆಯಲ್ಲಿ ಶಾಪವೂ ಕೂಡುತ್ತದೆ. ಮುಂಚಿತವಾಗಿ ಅದನ್ನು ತಿಳಿಯುವ ಬಗೆ ಬಹುಮಟ್ಟಿಗೆ ಇಲ್ಲ. ವಸ್ತುಗಳ ಗುಣವನ್ನು ಗುರುತಿಸುವ ಮಂತ್ರಕ್ಕೂ ಶಾಪ ಸಿಕ್ಕಿಬೀಳುವುದಿಲ್ಲವೆಂದು ನಿಯಮವೇ ಹೇಳುತ್ತದೆ.

ಶಾಪದ ಕಟ್ಟುಗಳು ಮೂರು. ಮೊದಲನೆಯದಾಗಿ, ಹಿಡಿದವನಿಗೆ ಕೊಡಲಿಯನ್ನು ಅಗಲುವ ಮನಸ್ಸೇ ಬರುವುದಿಲ್ಲ. ಅದು ಸದಾ ಕೈಗೆಟಕುವಂತಿರಬೇಕು. ಓದುವಾಗ ಇದು ಅಲ್ಪವೆಂದು ತೋರಿತು. ಆಡುವಾಗ ತಿಳಿಯಿತು. ಆಯುಧವನ್ನು ಹೊರಗಿಟ್ಟು ಒಳಗೆ ಬರಬೇಕೆನ್ನುವ ಅರಮನೆಗೆ ಅವನು ಹೋಗುವಂತಿಲ್ಲ. ಭಿಕ್ಷುಕನ ವೇಷದಲ್ಲಿ ಊರೊಳಗೆ ನುಸುಳುವ ನಮ್ಮ ಹೂಟ ಕೆಟ್ಟಿತು. ಗಂಡುಗೊಡಲಿ ಹೊತ್ತ ಭಿಕ್ಷುಕನನ್ನು ಯಾವ ದ್ವಾರಪಾಲಕ ನಂಬಿಯಾನು? ಎರಡನೆಯದಾಗಿ, ಕಣ್ಣಿಗೋ ಕಿವಿಗೋ ನಿಲುಕುವ ಶತ್ರು 60 ಅಡಿಗಳೊಳಗೆ ಇದ್ದರೆ, ಬೇರೆ ಯಾವ ಆಯುಧದಿಂದ ಹೊಡೆದರೂ ದಾಳವನ್ನು ಎರಡು ಸಲ ಎಸೆದು ಅವುಗಳಲ್ಲಿ ಕಡಮೆ ಬಿದ್ದುದನ್ನೇ ಎಣಿಕೆಗೆ ಹಿಡಿಯಬೇಕು. ಇದರ ಭಾರವನ್ನು ಲೆಕ್ಕ ಹಾಕಿ ನೋಡೋಣ. ಬಿಲ್ಲಿನಿಂದ ಹೊಡೆಯಲು 9 ಅಥವಾ ಅದಕ್ಕಿಂತ ಮೇಲೆ ಬೀಳಬೇಕೆಂದಿಟ್ಟುಕೊಳ್ಳೋಣ. ಇಪ್ಪತ್ತು ಮುಖಗಳಲ್ಲಿ ಅಂತಹವು 12. ಎಂದರೆ ನೂರಕ್ಕೆ 60ರಷ್ಟು ಅವಕಾಶ. ಎರಡೂ ಎಸೆತಗಳು ಗೆಲ್ಲಬೇಕಾದಾಗ ಆ ಭಾಗವನ್ನು ಅದರಿಂದಲೇ ಗುಣಿಸಬೇಕು. ಆಗ ಬರುವುದು ನೂರಕ್ಕೆ 36. ಬಿಲ್ಲನ್ನು ಯಾರೂ ಕಸಿದುಕೊಳ್ಳಲಿಲ್ಲ, ಆದರೆ ಅದು ಹೆಚ್ಚುಕಡಮೆ ಅರ್ಧ ಬಿಲ್ಲಾಯಿತು. ಒಂದು ಸಂದುಂಟು: ಶತ್ರುಗಳೆಲ್ಲ 60 ಅಡಿಗಳಿಗಿಂತ ದೂರದಲ್ಲಿದ್ದರೆ ಈ ಕಟ್ಟು ಸಡಿಲ. ದೊಡ್ಡ ಬಿಲ್ಲಿನ ಬಾಣ 150 ಅಡಿಗಳವರೆಗೂ ತೊಡಕಿಲ್ಲದೆ ಹೋಗುತ್ತದಾದ್ದರಿಂದ, ನಡುವಣ ಆ ತೊಂಬತ್ತು ಅಡಿಗಳಲ್ಲಿ ನಮ್ಮ ವೀರ ಇನ್ನೂ ಸ್ವತಂತ್ರನಾಗಿದ್ದನು.

ಮೂರನೆಯದೇ ಘೋರವಾದದ್ದು. ಶತ್ರುವಿನಿಂದ ಏಟು ತಿಂದಾಗಲೆಲ್ಲ ಹಿಡಿದವನು ವಿವೇಕದ ಪರೀಕ್ಷೆಗಾಗಿ ದಾಳವನ್ನೆಸೆದು 15ನ್ನು ಮುಟ್ಟಬೇಕು. ಮುಟ್ಟದಿದ್ದರೆ ಉನ್ಮಾದ. ಉನ್ಮಾದದಲ್ಲಿರುವಷ್ಟು ಕಾಲ, ತನ್ನ ಪ್ರತಿಯೊಂದು ಸರದಿಯಲ್ಲಿಯೂ, ತನಗೆ ಅತ್ಯಂತ ಸಮೀಪದಲ್ಲಿರುವ ಜೀವಿಯನ್ನು ಆ ಕೊಡಲಿಯಿಂದಲೇ ಹೊಡೆಯಬೇಕು. ಶತ್ರುವನ್ನು ಎಂದಲ್ಲ, ಜೀವಿಯನ್ನು. ಸಮದೂರದಲ್ಲಿ ಇಬ್ಬರಿದ್ದರೆ ಯಾರೆಂಬುದನ್ನು ದಾಳವೇ ಹೇಳುತ್ತದೆ. ತನ್ನ ಸರದಿ ಮೊದಲಾಗುವಾಗ 60 ಅಡಿಗಳೊಳಗೆ ಕಾಣುವ, ಕೇಳುವ ಯಾವ ಜೀವಿಯೂ ಇಲ್ಲದಿದ್ದರೆ ಮಾತ್ರ ಉನ್ಮಾದ ಇಳಿಯುತ್ತದೆ.

ನಮ್ಮ ವೀರನಿಗೆ ತೋಳಿನಲ್ಲಿ ಬಲವಿದ್ದಿತು. ವಿವೇಕದ ಅಂಕದಲ್ಲಿ ಕೂಡಿಸಲು ಏನೂ ಇರಲಿಲ್ಲ. 15ರಿಂದ 20ರವರೆಗೆ ಮುಖಗಳು ಆರು. ಒಂದು ಏಟಿಗೆ ಮನಸ್ಸು ನಿಲ್ಲುವ ಅವಕಾಶ ನೂರಕ್ಕೆ 30. ಒಂದು ಕಾಳಗದಲ್ಲಿ ಮೂರು ಏಟು ಬಿದ್ದರೆ ಮೂರು ಸಲವೂ ನಿಲ್ಲುವ ಅವಕಾಶ ನೂರಕ್ಕೆ 3ಕ್ಕೂ ಕಡಮೆ. ಆದುದರಿಂದ ಉನ್ಮಾದ ಬಂದೀತೇ ಎಂದು ಕೇಳುವುದು ವ್ಯರ್ಥ. ಬಂದಾಗ ಹತ್ತಿರ ಯಾರಿರುತ್ತಾರೆ ಎಂಬುದೇ ಪ್ರಶ್ನೆ.

ಇದನ್ನು ಅರಿತ ಮೇಲೆ ನಮ್ಮ ಯುದ್ಧದ ರೀತಿಯೇ ಬದಲಾಯಿತು. ಅವನು ಮುಂದೆ, ನಾವು ಹಿಂದೆ. ಶತ್ರುವಿಗಿಂತ ನಾವು ಅವನಿಗೆ ಒಂದು ಹೆಜ್ಜೆಯಾದರೂ ದೂರವಿರಬೇಕು. ಗಾಯಗೊಂಡ ಶತ್ರುವನ್ನು ದೂರದಿಂದ ಕೊಂದುಹಾಕುವುದು ಬುದ್ಧಿವಂತಿಕೆಯಲ್ಲ, ಏಕೆಂದರೆ ಅವನು ಬದುಕಿರುವಷ್ಟು ಹೊತ್ತು ಕೊಡಲಿಗೆ ಗುರಿಯೊಂದಿರುತ್ತದೆ. ಕೊನೆಯ ಶತ್ರು ಬಿದ್ದೊಡನೆ ಉಳಿಯುವ ಜೀವಿಗಳು ನಾವೇ. ಸಾಮಾನ್ಯ ಆಟದಲ್ಲಿ ಉಸಿರು ಬಿಡುವ ಗಳಿಗೆ ಅದು. ನಮಗೆ ಓಡುವ ಗಳಿಗೆ. ಪಾತ್ರವೊಂದು ಸರದಿಗೆ 30 ಅಡಿ ನಡೆಯಬಲ್ಲದು. ಬೇರೇನನ್ನೂ ಮಾಡದೆ ಓಡಿದರೆ 60 ಅಡಿ. ಉನ್ಮತ್ತನು ತನ್ನ ಕಾರ್ಯವನ್ನು ಹೊಡೆತಕ್ಕೇ ಮೀಸಲಿಡಬೇಕಾದ್ದರಿಂದ ಹಾಗೆ ಓಡಲಾರ. ಇಲ್ಲವೇ ಬಾಗಿಲನ್ನು ಹಾಕಿಕೊಂಡು ಉಸಿರು ಬಿಗಿಹಿಡಿದು ನಿಲ್ಲಬೇಕು, ಕಾಣಲೂಬಾರದು, ಕೇಳಲೂಬಾರದು. ವೀರರು ಗೆದ್ದ ಮೇಲೆ ತಮ್ಮ ಗೆಳೆಯನಿಂದಲೇ ಅಡಗಿ ಕುಳಿತ ದೃಶ್ಯ ಒಂದೆರಡು ವಾರ ನಮ್ಮನ್ನು ತುಂಬ ನಗಿಸಿತು.

ಆ ಮೇಲೆ ನಗು ನಿಂತಿತು. ಆದದ್ದು ಇಷ್ಟು. ಕೊಡಲಿಯನ್ನು ಹೊತ್ತ ಗೆಳೆಯನ ತಂಗಿಯೂ ನಮ್ಮ ಗುಂಪಿನಲ್ಲಿದ್ದಾಳೆ, ಎಂಟನೆಯ ತರಗತಿಯವಳು. ಅವಳ ಪಾತ್ರ ಗಾಯಗಳನ್ನು ಮಂತ್ರದಿಂದ ಮಾಯಿಸುವ ಪುರೋಹಿತೆ. ಗಣಿಯಲ್ಲಿ ಎರಡು ತೋಳಗಳೊಡನೆ ಕಾಳಗವಾಯಿತು. ಅಣ್ಣನಿಗೆ ಏಟು ಬಿದ್ದು ಉನ್ಮಾದವೇರಿತು. ಒಂದು ತೋಳ ಸತ್ತಿತು. ಎರಡನೆಯದು ಇನ್ನೂ ಬದುಕಿರುವಾಗಲೇ, ಅಣ್ಣನ ಪ್ರಾಣಾಂಕ ತೀರ ಇಳಿದುದನ್ನು ಕಂಡು, ಅವಳು ಅವನ ಪಕ್ಕಕ್ಕೆ ಬಂದು ಗಾಯವನ್ನು ಮಾಯಿಸಿದಳು. ಅಣ್ಣ ತನ್ನ ಸರದಿಯಲ್ಲಿ ಆ ತೋಳವನ್ನೂ ಕೆಡಹಿದನು. ಮುಂದಿನ ಸರದಿಗೆ ಸಮೀಪದ ಜೀವಿ ಅವಳೇ. ದಾಳದಲ್ಲಿ 17 ಬಿದ್ದಿತು. ತಂಗಿಯ ಪುರೋಹಿತೆ ನೆಲಕ್ಕುರುಳಿದಳು.

ಪ್ರಾಣಾಂಕ ಸೊನ್ನೆಗಿಳಿದವರು ಒಡನೆಯೇ ಸಾಯುವುದಿಲ್ಲ. ಮೂರ್ಛೆಯಲ್ಲಿ ಬಿದ್ದು ಪ್ರತಿ ಸರದಿಗೂ ದಾಳವನ್ನೆಸೆಯುತ್ತಾರೆ. 10 ಅಥವಾ ಮೇಲೆ ಬಿದ್ದರೆ ಒಂದು ಗೆಲುವು. ಕೆಳಗೆ ಬಿದ್ದರೆ ಒಂದು ಸೋಲು. ಮೂರು ಗೆಲುವಿಗೆ ಜೀವ ನಿಲ್ಲುತ್ತದೆ. ಮೂರು ಸೋಲಿಗೆ ಮರಣ. ಮೂರ್ಛಿತರನ್ನು ಯಾರಾದರೂ ಪಕ್ಕದಲ್ಲೇ ನಿಂತು ಹೊಡೆದರೆ ಆ ಒಂದೇ ಪೆಟ್ಟು ಎರಡು ಸೋಲಿಗೆ ಸಮ. ತಂಗಿಯ ಮೊದಲ ಎಸೆತದಲ್ಲಿ 6 ಬಿದ್ದಿತು, ಒಂದು ಸೋಲು. ಮತ್ತೆ ಅಣ್ಣನ ಸರದಿ ಬಂದಿತು. ನಾವು ಉಳಿದವರು ದೂರ ಓಡಿದ್ದೆವು. ಸಮೀಪದಲ್ಲಿದ್ದುದು ನೆಲದ ಮೇಲಿದ್ದ ಅವಳೊಬ್ಬಳೇ. ‘ನಿಯಮದಲ್ಲಿ ಜೀವಿ ಎಂದಿದೆ. ಮೂರ್ಛೆ ಹೋದವಳೂ ಜೀವಿಯೇ. ಹೊಡೆ’ ಎಂದನು ಸೂತ್ರಧಾರ.

ಗೆಳೆಯನು ದಾಳವನ್ನು ಮೇಜಿನ ಮೇಲಿಟ್ಟು ಕೈಕಟ್ಟಿ ಕುಳಿತನು. ‘ನಾನು ಎಸೆಯುವುದಿಲ್ಲ. ಬೇಕಾದರೆ ನೀನೇ ಎಸೆದುಕೊ. ಈಗ ಅವನು ನನ್ನ ಪಾತ್ರವಲ್ಲ, ನಿನ್ನದು’ ಎಂದನು. ನಮ್ಮಲ್ಲಿ ಇಪ್ಪತ್ತು ಮುಖದ ದಾಳ ಇರುವುದೇ ಒಂದು. ಅದನ್ನು ಅವನು ಇಟ್ಟ ಮೇಲೆ ಮತ್ತೆ ಯಾರೂ ಮುಟ್ಟಲಿಲ್ಲ. ‘ಬಿಡೋ ಅಣ್ಣ, ಹೊಡೆದದ್ದು ಕೊಡಲಿ’ ಎಂದು ತಂಗಿ ಹೇಳಿ ನೋಡಿದಳು. ಆ ದಿನ ಅಣ್ಣತಂಗಿ ಇಬ್ಬರೂ ಒಂದೇ ಲೋಕಲ್ ಗಾಡಿಯಲ್ಲಿ ಮಾತಿಲ್ಲದೆ ಮನೆಗೆ ಹೋದರಂತೆ. ಮುಂದಿನ ಎರಡು ಶನಿವಾರ ಅವನು ಬರಲಿಲ್ಲ.

ಆ ಎರಡು ವಾರಗಳಲ್ಲಿ ನಾವು ಆಡಲಿಲ್ಲ; ಓದಿದೆವು. ಶಾಪದ ಆಯುಧಗಳು ಎಲ್ಲಿಂದ ಬಂದವೆಂಬ ಕುತೂಹಲ ಮೊದಲಾದದ್ದು ಹಾಗೆ.

ಈ ಕೊಡಲಿಯ ಮುತ್ತಜ್ಜನೆನ್ನಬಹುದಾದ ಒಂದು ಖಡ್ಗವು ಐಸ್‌ಲೆಂಡಿನ ಹಳೆಯ ಗದ್ಯಕಥೆಯೊಂದರಲ್ಲಿದೆ. ಹದಿಮೂರನೆಯ ಶತಮಾನದ್ದೆನ್ನಲಾದ ಹೆರ್ವೊರ್ ಕಥೆಯಲ್ಲಿ ಸ್ವಾಫ್ರಲಾಮಿ ಎಂಬ ರಾಜನು ದ್ವಾಲಿನ್, ದುರಿನ್ ಎಂಬ ಇಬ್ಬರು ಕುಬ್ಜರನ್ನು ಹಿಡಿದು ಬಲವಂತದಿಂದ ತಿರ್ಫಿಂಗ್ ಎಂಬ ಖಡ್ಗವನ್ನು ಮಾಡಿಸುತ್ತಾನೆ. ಮಾಡಿಕೊಟ್ಟ ಕುಬ್ಜರು ಶಪಿಸುತ್ತಾರೆ: ಒರೆಯಿಂದ ಹೊರಬಂದಾಗಲೆಲ್ಲ ಅದು ಒಬ್ಬನನ್ನು ಕೊಲ್ಲಬೇಕು, ಅದರಿಂದ ಮೂರು ನೀಚಕೃತ್ಯಗಳಾಗಬೇಕು, ಮಾಡಿಸಿದವನೂ ಅದರಿಂದಲೇ ಸಾಯಬೇಕು. ಹಾಗೆಯೇ ಆಗುತ್ತದೆ. ಮುಂದೆ ಅದೇ ವಂಶದಲ್ಲಿ ಹೈದ್ರೆಕ್ ಎಂಬುವನ ಕೈಗೆ ಅದು ಬರುತ್ತದೆ. ಕಥೆಯ ಒಂದು ಪಾಠದಲ್ಲಿ, ಅವನು ಖಡ್ಗವನ್ನು ನೋಡಬೇಕೆಂದು ಮಾತ್ರ ಒರೆಯಿಂದೆಳೆಯುತ್ತಾನೆ. ಎಳೆದ ಮೇಲೆ ಅದು ಕೊಲ್ಲದೆ ಒಳಹೋಗದು. ಎದುರಿಗಿದ್ದವನು ಅವನ ಸ್ವಂತ ಅಣ್ಣ. ಇದನ್ನು ಓದಿದಾಗ ನಮ್ಮ ಸೂತ್ರಧಾರನು ಪುಸ್ತಕವನ್ನು ಮುಚ್ಚಿ ಕಿಟಕಿಯ ಕಡೆಗೆ ನೋಡುತ್ತ ಕುಳಿತಿದ್ದನು.

ಇಪ್ಪತ್ತನೆಯ ಶತಮಾನದ ಲೇಖಕರು ಈ ಎಳೆಯನ್ನು ಹಿಡಿದರು. ಪೌಲ್ ಆಂಡರ್ಸನ್ ಅವರ ‘ದಿ ಬ್ರೋಕನ್ ಸ್ವೋರ್ಡ್’ ಕಾದಂಬರಿ 1954ರಲ್ಲಿ ಹೊರಬಂದಿತು. ಅದೂ ಉತ್ತರದ ಪುರಾಣಗಳಿಂದಲೇ ಬೆಳೆದ ಕಥೆ. 1961ರಲ್ಲಿ ಇಂಗ್ಲೆಂಡಿನ ಮೈಕೆಲ್ ಮೂರ್ಕಾಕ್ ಎಂಬ ತರುಣ ಲೇಖಕರು ಎಲ್ರಿಕ್ ಎಂಬ ರೋಗಿಷ್ಠ ರಾಜನನ್ನೂ ಅವನ ಕರಿಯ ಖಡ್ಗ ಸ್ಟಾರ್ಮ್‌ಬ್ರಿಂಗರನ್ನೂ ಸೃಷ್ಟಿಸಿದರು. ಆ ಖಡ್ಗವು ಸತ್ತವರ ಆತ್ಮಗಳನ್ನು ಹೀರಿ ರಾಜನಿಗೆ ಬಲವನ್ನು ಕೊಡುತ್ತದೆ. ಅದಿಲ್ಲದೆ ಅವನು ದುರ್ಬಲ. ಅದಿದ್ದರೆ ಅವನ ಪ್ರೀತಿಪಾತ್ರರಿಗೆ ಉಳಿವಿಲ್ಲ. ಮೊದಲ ಕಥೆಯಲ್ಲಿಯೇ ಅವನು ಪ್ರೀತಿಸಿದ ಕನ್ಯೆ ಆ ಖಡ್ಗಕ್ಕೆ ಬಲಿಯಾಗುತ್ತಾಳೆ. ಗೈಗ್ಯಾಕ್ಸ್ 1979ರಲ್ಲಿ ಬರೆದ ಸೂತ್ರಧಾರರ ಕೈಪಿಡಿಯ ಕೊನೆಯಲ್ಲಿ ತಮಗೆ ಪ್ರೇರಣೆ ಕೊಟ್ಟ ಪುಸ್ತಕಗಳ ಪಟ್ಟಿಯೊಂದಿದೆ. ಇವರಿಬ್ಬರ ಹೆಸರೂ ಅದರಲ್ಲಿದೆ. ಅದೇ ವರ್ಷ ಲಾರೆನ್ಸ್ ಶಿಕ್ ಎಂಬುವರು ಬರೆದ ಸಾಹಸಕಥೆಯೊಂದರಲ್ಲಿ ಆತ್ಮಗಳನ್ನು ನುಂಗುವ ‘ಬ್ಲಾಕ್‌ರೇಜರ್’ ಎಂಬ ಖಡ್ಗ ಬಂದಿತು. ಸ್ಟಾರ್ಮ್‌ಬ್ರಿಂಗರಿನ ಮುಖ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. 1974ರ ಮೊದಲ ಹೊತ್ತಗೆಗಳಲ್ಲಿಯೇ ಮಾಂತ್ರಿಕ ಖಡ್ಗಗಳಿಗೆ ಬುದ್ಧಿಯೂ ಅಹಂಕಾರವೂ ಅಂಕಗಳ ರೂಪದಲ್ಲಿದ್ದವು. ಹಿಡಿದವನ ಮನಸ್ಸಿಗೂ ಖಡ್ಗದ ಮನಸ್ಸಿಗೂ ಹೋರಾಟ ನಡೆದು ಯಾರು ಯಾರನ್ನು ಹಿಡಿದಿದ್ದಾರೆ ಎಂಬುದು ತೀರ್ಮಾನವಾಗುತ್ತಿತ್ತು.

ಎಲ್ಲ ಶಾಪಗಳೂ ಒಂದೇ ರೀತಿಯವಲ್ಲ. 2003ರ ನಿಯಮಗಳಲ್ಲಿ ಒಂದು ಖಡ್ಗವುಂಟು: ಅಭ್ಯಾಸದಲ್ಲಿ ಚೆನ್ನಾಗಿ ವರ್ತಿಸುತ್ತದೆ, ನಿಜವಾದ ಕಾಳಗದಲ್ಲಿ ಎಸೆತದಿಂದ 2 ಕಳೆಯುತ್ತದೆ. ಒಂದು ವಾರ ಬಳಿಯಲ್ಲಿದ್ದರೆ ಸಾಕು, ಆ ಮೇಲೆ ಬೇರೊಂದು ಆಯುಧಕ್ಕೆ ಕೈಹಾಕಿದರೂ ಕೈ ತಾನಾಗಿ ಅದನ್ನೇ ಎಳೆಯುತ್ತದೆ. ಪರೀಕ್ಷೆಗೆ ಮುಂಚೆ ಎಲ್ಲ ಬಾಯಿಪಾಠ ಬಂದು ಪರೀಕ್ಷೆಯ ದಿನ ಕೈಕೊಡುವ ಪಾಠದಂತೆ ಇದು. ಅದೇ ಪುಸ್ತಕದಲ್ಲಿ ಬೆನ್ನು ಕಚ್ಚುವ ಈಟಿಯೊಂದಿದೆ. ಅದು ಒಳ್ಳೆಯ ಈಟಿಯೇ; ಆದರೆ ಹೊಡೆಯುವಾಗ ದಾಳದಲ್ಲಿ 1 ಬಿದ್ದರೆ ತಿರುಗಿ ಸುತ್ತಿಕೊಂಡು ಹಿಡಿದವನ ಬೆನ್ನಿಗೇ ನಾಟುತ್ತದೆ. ಇಪ್ಪತ್ತರಲ್ಲಿ ಒಂದು ಸಲ ತಾನೆ ಎನ್ನಬಹುದು. ಹತ್ತು ಸಲ ಹೊಡೆದರೆ ಒಮ್ಮೆಯಾದರೂ ಹಾಗಾಗುವ ಅವಕಾಶ ನೂರಕ್ಕೆ ಸುಮಾರು 40. ಈ ಈಟಿ ಮನಸ್ಸನ್ನು ಮುಟ್ಟುವುದಿಲ್ಲ. ಹೊಡೆಯಬೇಕೋ ಬೇಡವೋ ಎಂಬ ಲೆಕ್ಕವನ್ನು ಆಟಗಾರನಿಗೇ ಬಿಡುತ್ತದೆ. 2014ರ ಪುಸ್ತಕದ ‘ಪ್ರತೀಕಾರದ ಖಡ್ಗ’ ಇವುಗಳ ನಡುವಿನದು. ಏಟು ತಿಂದು ವಿವೇಕದ ಎಸೆತದಲ್ಲಿ ಸೋತರೆ, ಹಿಡಿದವನು ತನ್ನನ್ನು ಹೊಡೆದವನನ್ನೇ ಬೆನ್ನಟ್ಟಿ ಹೊಡೆಯಬೇಕು. ಇಬ್ಬರಲ್ಲೊಬ್ಬನು ಬೀಳುವವರೆಗೆ, ಇಲ್ಲವೇ ಅವನು ಕೈಗೆ ನಿಲುಕದೆ ಹೋಗುವವರೆಗೆ ಬಿಡುವಂತಿಲ್ಲ. ಇಲ್ಲಿ ಮಿತ್ರರಿಗೆ ಅಪಾಯವಿಲ್ಲ. ಕಳೆದುಹೋಗುವುದು ಕ್ಷಮಿಸುವ, ಹಿಮ್ಮೆಟ್ಟುವ ಸ್ವಾತಂತ್ರ್ಯ. ಅದರೊಳಗೆ ಸೇಡಿನ ಪ್ರೇತವೊಂದಿದ್ದು, ತಕ್ಕ ಮಂತ್ರದಿಂದ ಅದನ್ನು ಓಡಿಸಿದರೆ ಖಡ್ಗ ಶುದ್ಧವಾಗುತ್ತದೆ. ಆಡುವುದಕ್ಕೆ ಇದೇ ಹೆಚ್ಚು ಚೆನ್ನೆಂದು ನಮಗೆ ತೋರುತ್ತದೆ, ಏಕೆಂದರೆ ಕೋಪಿಷ್ಠನೊಬ್ಬನ ಪಾತ್ರವನ್ನು ಯಾರಾದರೂ ಮನಸಾರ ಅಭಿನಯಿಸಬಹುದು.

ನಮ್ಮ ಮಹಾಭಾರತದಲ್ಲಿ ಇಂತಹವು ಇಲ್ಲವೇ ಎಂದು ನೀವು ಕೇಳುವಿರಿ. ಉಂಟು. ಕರ್ಣನ ಕಥೆ ಎಲ್ಲರಿಗೂ ಗೊತ್ತು. ಬೇಕಾದ ಹೊತ್ತಿಗೆ ಬ್ರಹ್ಮಾಸ್ತ್ರದ ಮಂತ್ರ ಮರೆತುಹೋಗಲೆಂದು ಪರಶುರಾಮರು ಶಪಿಸಿದರು. ಅಷ್ಟು ಪ್ರಸಿದ್ಧನಲ್ಲದ ಇನ್ನೊಬ್ಬನು ದ್ರೋಣಪರ್ವದ ಶ್ರುತಾಯುಧ. ಅವನು ವರುಣನಿಗೂ ಪರ್ಣಾಶಾ ನದಿಗೂ ಹುಟ್ಟಿದ ಮಗ. ವರುಣನು ಅವನಿಗೊಂದು ಗದೆಯನ್ನು ಕೊಟ್ಟು, ಯುದ್ಧ ಮಾಡದಿರುವವನ ಮೇಲೆ ಇದನ್ನು ಎಸೆಯಬೇಡ, ಎಸೆದರೆ ನಿನ್ನ ಮೇಲೆಯೇ ತಿರುಗಿಬೀಳುತ್ತದೆ ಎಂದು ಎಚ್ಚರಿಸಿದನು. ಜಯದ್ರಥವಧೆಯ ದಿನ ಅರ್ಜುನನ ರಥಕ್ಕೆ ಅಡ್ಡ ಬಂದ ಶ್ರುತಾಯುಧನು ಕೋಪದಿಂದ ಗದೆಯನ್ನು ಸಾರಥಿಯಾದ ಕೃಷ್ಣನ ಮೇಲೆಸೆದನು. ಕೃಷ್ಣನು ಯುದ್ಧ ಮಾಡುತ್ತಿರಲಿಲ್ಲ. ಗದೆ ತಿರುಗಿ ಬಂದು ಶ್ರುತಾಯುಧನನ್ನೇ ಕೊಂದಿತು. ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಕರ್ಣನಿಗೆ ತನ್ನ ಶಾಪ ಗೊತ್ತಿತ್ತು. ಶ್ರುತಾಯುಧನಿಗೆ ತನ್ನ ಕಟ್ಟಳೆ ಗೊತ್ತಿತ್ತು, ಮುರಿದವನು ಅವನು. ಆದುದರಿಂದಲೇ ಅವು ಅವರವರ ಕಥೆಗಳು. ನಮ್ಮ ಗೆಳೆಯನಿಗೆ ಕೊಡಲಿ ಸಿಕ್ಕಾಗ ಅವನಿಗೆ ಏನೂ ತಿಳಿದಿರಲಿಲ್ಲ. ತಾಳಮದ್ದಳೆಯ ಕರ್ಣನೂ ಸಾಯುತ್ತಾನೆ, ಆದರೆ ಸಾಯುವೆನೆಂದು ಒಪ್ಪಿಕೊಂಡೇ ಆ ಅರ್ಥಧಾರಿ ಕುಳಿತಿರುತ್ತಾನೆ. ನಾವು ಯಾರೂ ಗೆಳೆಯನನ್ನು ಒಪ್ಪಿಗೆ ಕೇಳಿರಲಿಲ್ಲ.

ಸೂತ್ರಧಾರನ ಮೇಲೆ ತಪ್ಪೆಲ್ಲವನ್ನೂ ಹೊರಿಸುವುದು ನ್ಯಾಯವಲ್ಲ. ಕಾಳಗಗಳಲ್ಲಿ ಸದಾ ಹಿಂದೆ ನಿಲ್ಲುತ್ತಿದ್ದ ಗೆಳೆಯನಿಗೆ ಸ್ವಲ್ಪ ಕೆಚ್ಚು ಬರಲೆಂದು ಅವನು ಕೊಡಲಿಯನ್ನು ಕಥೆಯಲ್ಲಿ ತಂದಿದ್ದನು. ನಿಯಮಪುಸ್ತಕ ಇಂಗ್ಲಿಷಿನಲ್ಲಿದೆ. ಅವನು ಓದಿ ಕನ್ನಡದಲ್ಲಿ ಹೇಳುತ್ತಿದ್ದನು, ನಾವು ಕೇಳುತ್ತಿದ್ದೆವು. ಮೂಲವನ್ನು ನೋಡುವ ಶ್ರಮವನ್ನು ಉಳಿದ ನಾಲ್ವರೂ ತೆಗೆದುಕೊಂಡಿರಲಿಲ್ಲ. ಆ ಎರಡನೆಯ ಶನಿವಾರ ತಂಗಿ ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಕೊಡಲಿಯ ನಿಯಮವನ್ನು ಒಂದೊಂದೇ ಪದವಾಗಿ ಓದಿದಳು. ಕೊನೆಯ ಕಡೆ ಒಂದು ವಾಕ್ಯದಲ್ಲಿ ‘ಫೆಲ್’ ಎಂಬ ಮಾತಿದೆ. ಸೂತ್ರಧಾರನು ಅದನ್ನು ‘ಬಿದ್ದೆ’ ಎಂದು ಅರ್ಥಮಾಡಿಕೊಂಡು, ಹಿಡಿದವನೇ ಬಿದ್ದ ಮೇಲೆ ಹೊಡೆಯುವುದು ಹೇಗೆ, ಇದೇನೋ ಅಚ್ಚಿನ ತಪ್ಪಿರಬೇಕು ಎಂದು ಬಿಟ್ಟುಬಿಟ್ಟಿದ್ದನು. ನಿಘಂಟಿನಲ್ಲಿ ಆ ಪದಕ್ಕೆ ಇನ್ನೊಂದು ಅರ್ಥವಿತ್ತು: ಮರವನ್ನು ಕಡಿದಂತೆ ಕೆಡಹು. ಒಂದೇ ಸರದಿಯಲ್ಲಿ ಹೆಚ್ಚು ಹೊಡೆತಗಳನ್ನು ಹೊಡೆಯಬಲ್ಲ ಉನ್ಮತ್ತನು, ಗುರಿಯನ್ನು ಕೆಡಹಿದ ಮೇಲೆ, ಮುಂದಿನ ಸಮೀಪದ ಜೀವಿಯ ಕಡೆಗೆ ಹೊರಳಬೇಕೆಂಬುದು ವಾಕ್ಯದ ತಾತ್ಪರ್ಯ. ನಮ್ಮ ವೀರನಿಗೆ ಹೆಚ್ಚಿನ ಹೊಡೆತಗಳಿಲ್ಲವಾದ್ದರಿಂದ ಈ ಮಾತು ಅಕ್ಷರಶಃ ಅವನಿಗೆ ಅನ್ವಯಿಸುವುದಿಲ್ಲವೆಂದು ವಾದಿಸಬಹುದು. ಸೂತ್ರಧಾರನು ಒಂದು ಗಳಿಗೆ ವಾದಿಸಿಯೂ ನೋಡಿದನು. ಆದರೆ ಕೆಡಹಿದವರನ್ನು ಬಿಟ್ಟು ಮುಂದೆ ಹೋಗುವುದು ಉನ್ಮಾದದ ಸ್ವಭಾವವೆಂದು ಬರೆದವರು ಭಾವಿಸಿದ್ದರೆಂಬುದು ನಮಗೆ ಸ್ಪಷ್ಟವಾಯಿತು. ಬಿದ್ದವಳನ್ನು ಅವನು ಮತ್ತೆ ಹೊಡೆಯಬೇಕಾದದ್ದಿರಲಿಲ್ಲ.

ಸೂತ್ರಧಾರನು ಅದೇ ಸಂಜೆ ಗೆಳೆಯನ ಮನೆಗೆ ಹೋಗಿ ಬಂದನು. ಏನು ಮಾತಾಯಿತೆಂದು ನಾವು ಕೇಳಲಿಲ್ಲ. ಮೂರನೆಯ ಶನಿವಾರ ಅವನು ಬಂದು ಕುಳಿತನು. ದಾಳವೂ ಅದೇ ಜಾಗದಲ್ಲಿತ್ತು. ಉನ್ಮತ್ತ ವೀರನು ಬಿದ್ದವಳನ್ನು ದಾಟಿ, ಯಾರೂ ಇಲ್ಲದ ಗಣಿಯ ಕತ್ತಲೆಯಲ್ಲಿ ನಿಂತನು. ಕಾಣುವ, ಕೇಳುವ ಯಾರೂ ಇಲ್ಲವೆಂದು ಉನ್ಮಾದ ಇಳಿಯಿತು. ತಂಗಿ ಮತ್ತೆರಡು ಸಲ ಎಸೆದಳು: 12, ಆಮೇಲೆ 9. ಎರಡು ಸೋಲು, ಒಂದು ಗೆಲುವು. ಅಷ್ಟರಲ್ಲಿ ಅಣ್ಣ ಮೊಣಕಾಲೂರಿ ಅವಳ ಗಾಯಕ್ಕೆ ಬಟ್ಟೆ ಕಟ್ಟಿದನು. ಕೊಡಲಿ ಕೈಗೆಟಕುವಂತೆ ಪಕ್ಕದಲ್ಲಿಯೇ ಇದ್ದಿತು; ಅದನ್ನು ದೂರವಿಡಲು ಅವನಿಂದಾಗದು.

ಶಾಪದ ನಂಟನ್ನು ಬಿಡಿಸುವ ಮಂತ್ರ ಪುರೋಹಿತೆಗೆ ದೊರೆಯುವುದು ಐದನೆಯ ಮಟ್ಟದಲ್ಲಿ. ಅದನ್ನು ಮುಟ್ಟಲು ನಮಗೆ ಇನ್ನೂ ಐದು ಶನಿವಾರಗಳು ಬೇಕಾದವು. ಆ ಐದೂ ವಾರ ಗೆಳೆಯನು ಕೊಡಲಿಯನ್ನು ಹೊತ್ತೇ ಆಡಿದನು. ಈಗ ಸೂತ್ರಧಾರನು ಉನ್ಮಾದವೇರಿದಾಗ ‘ಹೊಡೆ’ ಎನ್ನುತ್ತಿರಲಿಲ್ಲ. ‘ನಿನ್ನ ವೀರನಿಗೆ ಈಗ ಏನು ಕಾಣುತ್ತಿದೆ?’ ಎಂದು ಕೇಳುತ್ತಿದ್ದನು. ನಿಯಮ ಒಂದಕ್ಷರವೂ ಬದಲಾಗಲಿಲ್ಲ. ಯಾರನ್ನು ಹೊಡೆಯಬೇಕೆಂಬುದನ್ನು ಅದೇ ಹೇಳುತ್ತಿತ್ತು. ಏಕೆ, ಹೇಗೆ, ಯಾವ ಮಾತನ್ನಾಡುತ್ತ ಎಂಬುದನ್ನು ಗೆಳೆಯನು ಹೇಳುತ್ತಿದ್ದನು. ಒಂದು ಸಲ ಅವನು ತನ್ನ ವೀರನಿಂದ, ಏಟು ಬೀಳುವ ಮೊದಲೇ, ‘ನನ್ನ ಹತ್ತಿರ ಬರಬೇಡಿ’ ಎಂದು ಕೂಗಿಸಿದುದು ವಾಚನಾಲಯದ ಆಚೆಯವರೆಗೂ ಕೇಳಿಸಿ, ಉಪಾಧ್ಯಾಯರು ಬಂದು ನೋಡಿದರು.

ಐದನೆಯ ಮಟ್ಟ ಬಂದ ದಿನ ತಂಗಿಯೇ ಮಂತ್ರವನ್ನು ಹೇಳಿದಳು. ಅಣ್ಣನ ಕೈಯಿಂದ ಕೊಡಲಿ ಬಿಟ್ಟಿತು. ಆ ಮಂತ್ರ ಮನುಷ್ಯನನ್ನು ಬಿಡಿಸುತ್ತದೆಯೇ ಹೊರತು ವಸ್ತುವಿನ ಶಾಪವನ್ನು ತೊಳೆಯುವುದಿಲ್ಲ. ಮುಂದೆ ಯಾರು ಅದರೊಡನೆ ನಂಟು ಬೆಳೆಸಿದರೂ ಅವರಿಗೆ ಅದೇ ಗತಿ. ಮಾರಿದರೆ ಕೊಂಡವನ ಮನೆ ಕೆಡುವುದು. ಕರಗಿಸಲು ಬೇಕಾದ ವಿದ್ಯೆ ನಮ್ಮಲ್ಲಿಲ್ಲ. ಬಹಳ ಹೊತ್ತು ಚರ್ಚಿಸಿ, ಕಂಬಳಿಯಲ್ಲಿ ಸುತ್ತಿ, ಕಲ್ಲು ಕಟ್ಟಿ, ಗಣಿಯ ಪಕ್ಕದ ಪಾಳುಬಾವಿಯೊಂದಕ್ಕೆ ಇಳಿಬಿಟ್ಟೆವು. ಆ ಬಾವಿ ಎಲ್ಲಿದೆಯೆಂಬುದನ್ನು ಸೂತ್ರಧಾರನು ತನ್ನ ವಹಿಯಲ್ಲಿ ಗುರುತು ಹಾಕಿಕೊಂಡದ್ದನ್ನು ನಾವು ನೋಡಿದ್ದೇವೆ.